ಬಿಟ್ಟುಹೋದ ಚುಕ್ಕೆ

"ನಿಲ್ಲು!"

ತುಂಬಿದ ಸಿರಿಂಜು ಕಂಡ ನರ್ಸಿಂಗ್ ಉಪನ್ಯಾಸಕಿ ಓಡಿಬಂದು ವಿದ್ಯಾರ್ಥಿನಿಯ ಮಣಿಕಟ್ಟು ಹಿಡಿದುಕೊಂಡರು. ಸಿರಿಂಜಿನ ತುದಿ ಮಗುವಿನ ಡ್ರಿಪ್ ನಳಿಕೆಗೆ ತಾಗಲು ಎರಡು ಬೆರಳಷ್ಟೇ ಬಾಕಿಯಿತ್ತು. ಮಂಚದ ಪಕ್ಕದಲ್ಲಿದ್ದ ತಾಯಿ ದಡಬಡಿಸಿ ಎದ್ದಳು.

"ಏನಿಲ್ಲಮ್ಮ, ಕೂತ್ಕೊಳ್ಳಿ," ಎಂದು ಅವಳಿಗೆ ಸಮಾಧಾನ ಹೇಳಿ, ಹುಡುಗಿಯನ್ನು ಔಷಧದ ಕೋಣೆಗೆ ಎಳೆದೊಯ್ದರು. ಸಿರಿಂಜಿನಲ್ಲಿ ಐದು ಮಿಲಿ ಇತ್ತು. ಕೊಡಬೇಕಾದದ್ದು ಅರ್ಧ ಮಿಲಿ.

"ಯಾರೇ ಹೇಳಿದ್ದು ಐದು ಅಂತ?"

"ಡಾಕ್ಟ್ರು ಮಿಲಿಗ್ರಾಂ ಬರ್ದಿದ್ರು ಮೇಡಂ. ಎಷ್ಟು ಮಿಲಿ ಎಳ್ಕೋಬೇಕು ಅಂತ ಕಾಲೇಜಿನ ಎಐ ಸಹಾಯಕನ್ನ ಕೇಳ್ದೆ. ನಮ್ಮ ನೋಟ್ಸ್ ಬಿಟ್ಟು ಅದು ಬೇರೆಲ್ಲಿಂದ್ಲೂ ಹೇಳಲ್ಲ." ಫೋನು ಚಾಚಿದಳು.

ಉತ್ತರದ ಕೆಳಗೆ ಆಧಾರವಿತ್ತು: ಏಳನೇ ಪಾಠ, ಹನ್ನೆರಡನೇ ಪುಟ, ಬರೆದವರ ಹೆಸರು. ಅವರೇ ಬರೆದ ಪುಟ. ಒಂಬತ್ತು ವರ್ಷದ ಹಿಂದೆ ಟೈಪು ಮಾಡುವಾಗ ದಶಮಾಂಶದ ಚುಕ್ಕೆ ಬಿಟ್ಟುಹೋಗಿತ್ತು. ಪ್ರತಿವರ್ಷ ತರಗತಿಯಲ್ಲಿ "ಅಲ್ಲೊಂದು ಚುಕ್ಕೆ ಹಾಕ್ಕೊಳ್ರಮ್ಮ" ಎಂದು ಬಾಯಲ್ಲಿ ಹೇಳಿ ಮುಂದೆ ಹೋಗುತ್ತಿದ್ದರು. ಎದುರಿಗೆ ಕೂತವರು ಪೆನ್ನಿನಲ್ಲಿ ಹಾಕಿಕೊಳ್ಳುತ್ತಿದ್ದರು. ಯಂತ್ರ ಆ ತರಗತಿಯಲ್ಲಿ ಕೂತಿರಲಿಲ್ಲ. ಆ ದಿನ ಜ್ವರ ಬಂದು ಮಲಗಿದ್ದ ಈ ಹುಡುಗಿಯೂ ಅಷ್ಟೆ.

ಈ ತರಗತಿಯ ಇನ್ನೂ ಮೂವತ್ತೈದು ಮಂದಿ ಬೇರೆ ಬೇರೆ ವಾರ್ಡುಗಳಲ್ಲಿದ್ದರು. ವಿಭಾಗದ ಮುಖ್ಯಸ್ಥರಿಗೆ ಫೋನು ಮಾಡಿದರು.

"ಸುಮ್ನೆ ಫೈಲ್ ತಿದ್ದಿಬಿಡಿ," ಎಂದರು ಅವರು. "ಯಾರಿಗೂ ಏನೂ ಆಗಿಲ್ವಲ್ಲ. ನೀವಾಗಿ ಯಾಕೆ ಮೈಮೇಲೆ ಎಳ್ಕೋತೀರಾ?"

"ಆಗಿಲ್ಲ ಅಂತ ನಂಗಿನ್ನೂ ಗೊತ್ತಿಲ್ಲ ಸರ್."

ಫೋನಿಟ್ಟು ಇಡೀ ತರಗತಿಗೆ ಸಂದೇಶ ಕಳಿಸಿದರು: "ಏಳನೇ ಪಾಠದಲ್ಲಿ ಪ್ರಮಾಣ ತಪ್ಪಾಗಿದೆ. ತಪ್ಪು ನನ್ನದು. ಆ ಔಷಧ ಯಾರೂ ಮುಟ್ಟಬೇಡಿ. ಈಗಾಗಲೇ ಕೊಟ್ಟಿದ್ದೀರಾ ಇಲ್ಲವಾ, ಎಲ್ಲರೂ ತಕ್ಷಣ ಉತ್ತರಿಸಿ."

'ಕೊಟ್ಟಿಲ್ಲ' ಎಂಬ ಉತ್ತರಗಳು ಒಂದೊಂದಾಗಿ ಬಂದವು. ಹಾಜರಿ ಪಟ್ಟಿಯಲ್ಲಿ ಗುರುತು ಹಾಕುತ್ತ ಹೋದರು. ಮೂವತ್ನಾಲ್ಕಕ್ಕೆ ನಿಂತಿತು. ಉಳಿದವಳ ಫೋನು ಬಡಿದುಕೊಂಡೇ ಇತ್ತು, ಎತ್ತುವವರಿಲ್ಲ. ಇಪ್ಪತ್ತು ನಿಮಿಷವಾದ ಮೇಲೆ ಅವಳೇ ಬರೆದಳು: "ಪೇಷಂಟಿಗೆ ಸ್ನಾನ ಮಾಡಿಸ್ತಿದ್ದೆ ಮೇಡಂ. ಔಷಧ ಯಾರಿಗೂ ಕೊಟ್ಟಿಲ್ಲ."

ಉಪನ್ಯಾಸಕಿ ಕೊನೆಯ ಗುರುತು ಹಾಕಿದರು. ಇನ್ನೂ ಪಕ್ಕದಲ್ಲೇ ಇದ್ದ ಹುಡುಗಿಯನ್ನು ಕೇಳಿದರು: "ಅಷ್ಟು ಪುಟ್ಟ ಮಗೂಗೆ ಅಷ್ಟೊಂದು ಎಳ್ಕೊಳ್ಳುವಾಗ ಒಂದ್ಸಲಾನೂ ಅನುಮಾನ ಬರಲಿಲ್ವೇನೇ?"

"ಬಂತು ಮೇಡಂ." ಹುಡುಗಿ ನೆಲ ನೋಡುತ್ತ ನಿಂತಿದ್ದಳು. "ಕೆಳಗೆ ನಿಮ್ಮ ಹೆಸರಿತ್ತು. ಅದನ್ನ ನೋಡಿದ್ಮೇಲೆ ಅನುಮಾನ ಹೋಯ್ತು."