ಕೈಬಿಟ್ಟ ಪಿಚರ್

ಬಾರಿನ ಟಿವಿಯ ಬೇಸ್‌ಬಾಲ್ ಪಂದ್ಯದಲ್ಲಿ ಮಗ ಟ್ರೆವರ್ ಒಂದೇ ರನ್ನಿನ ಮುನ್ನಡೆಯನ್ನು ಕಾಪಾಡಿ, ಚೆಂಡನ್ನು ಮುಂದಿನ ಎಸೆತಗಾರನಿಗೆ, ಅಂದರೆ ಪಿಚರ್‌ಗೆ, ಒಪ್ಪಿಸಿ ಹೊರನಡೆದಾಗ ಮರ್ಲ್ ಒಬ್ಬನೇ ಚಪ್ಪಾಳೆ ತಟ್ಟಲಿಲ್ಲ. ಹಾಗೆ ಮುನ್ನಡೆ ಕಾಪಾಡಿಕೊಟ್ಟ ಪಿಚರ್‌ನ ಲೆಕ್ಕಕ್ಕೆ ಒಂದು 'ಹೋಲ್ಡ್' ಸೇರುತ್ತದೆ. ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟುವ ಗೆಳೆಯರ ಫ್ಯಾಂಟಸಿ ಲೀಗಿನಲ್ಲಿ ಅದಕ್ಕೂ ಅಂಕವುಂಟು. ಎಸೆತದ ವೇಗ ಇಳಿದಿದೆ, ಇನ್ನು ಇವನಿಂದ ಹೋಲ್ಡ್ ಬರುವುದಿಲ್ಲವೆಂದು ಲೆಕ್ಕ ಹಾಕಿ, ಬೆಳಿಗ್ಗೆಯಷ್ಟೇ ಮರ್ಲ್ ಮಗನನ್ನು ತನ್ನ ಫ್ಯಾಂಟಸಿ ತಂಡದಿಂದ ಕೈಬಿಟ್ಟಿದ್ದ. ಈಗ ಎದುರಿಗೆ ಕೂತಿರುವ ಗೆಳೆಯ ಲಾನಿ ಅವನನ್ನು ತಕ್ಷಣ ತನ್ನ ತಂಡಕ್ಕೆ ಎತ್ತಿಕೊಂಡಿದ್ದ.

ಪಂದ್ಯ ಮುಗಿದೊಡನೆ ಮಗನ ಫೋನ್ ಬಂತು. "ಅಪ್ಪಾ, ನೋಡಿದ್ಯಾ? ಭುಜ ಸಿಕ್ಕಾಪಟ್ಟೆ ನೋಯ್ತಿತ್ತು. ನಿನ್ನ ಫ್ಯಾಂಟಸಿ ತಂಡಕ್ಕೊಂದು ಹೋಲ್ಡ್ ಕೊಡ್ಲೇಬೇಕು ಅಂತ ಹಲ್ಲು ಕಚ್ಚಿ ಎಸೆದೆ."

"ನೋಡ್ದೆ ಮಗಾ, ನೋಡ್ದೆ." ಅಂದ ಮರ್ಲ್.

ಲಾನಿ ಬಿಯರ್ ಕೆಳಗಿಟ್ಟು, ನಗುತ್ತಾ ಫೋನಿಗೆ ಕೈ ಚಾಚಿದ. "ಟ್ರೆವರಾ? ಕೊಡೋ ಮಾರಾಯ ಇಲ್ಲಿ. ಈಗವನು ನನ್ನ ಹುಡುಗ."