ಕಪ್ಪು ಮುಚ್ಚಳ

ಬೆಸುಗೆಯ ರಾಳ ಕಾದು ಏಳುವ ಹೊಗೆಯ ವಾಸನೆ ಬಂದರೆ ಸಾಕು, ಅಂಗಡಿಯಾಕೆಗೆ ಇವತ್ತಿಗೂ ಅಪ್ಪನ ಮೇಜಿನ ಕೆಳಗೆ ಕೂತಂತಾಗುತ್ತದೆ. ಮೇಲೆ ಅಪ್ಪ ಯಾರದೋ ರೇಡಿಯೋ ಬಿಚ್ಚುತ್ತಿದ್ದರು, ಕೆಳಗೆ ಆಕೆ ಉದುರಿದ ಸ್ಕ್ರೂ ಆರಿಸುತ್ತಿದ್ದಳು. ಒಂದು ದಿನ ಆಕೆ ತನ್ನ ಅಂಗಡಿಯಲ್ಲಿ ಅದೇ ವಾಸನೆಯಲ್ಲಿ ಮುಳುಗಿ ತಂತಿಯೊಂದನ್ನು ಬೆಸೆಯುತ್ತಿದ್ದಾಗ, ಎದೆಮಟ್ಟಕ್ಕೆ ಎತ್ತಿ ಹಿಡಿದ ಕಂಪ್ಯೂಟರ್ ಪೆಟ್ಟಿಗೆಯ ಹಿಂದಿನಿಂದ ಒಂದು ದನಿ ಬಂತು.

“ಅಂಗಡಿಯವರು ಇಲ್ವಾ?”

“ನಾನೇ.”

“ಅಲ್ಲಮ್ಮ, ರಿಪೇರಿ ಮಾಡೋರು?”

“ಅದೂ ನಾನೇ.”

ಬಂದವರು ಭೌತಶಾಸ್ತ್ರದ ಮೇಷ್ಟ್ರು. ಅದನ್ನು ಯಾರೂ ಕೇಳಿರಲಿಲ್ಲ, ಅವರೇ ಹೇಳಿಕೊಂಡರು. ಹಿಂದೆ ಊಟದ ಚೀಲ ಹಿಡಿದ ಹೆಂಡತಿ. ಕೆಲಸ ಸಂಜೆವರೆಗೆ ಎಳೆದರೆ ಮೇಷ್ಟ್ರು ಹಸಿದುಕೊಂಡು ಕೂರಬಾರದಲ್ಲ.

“ಗೇಮ್ ಆಡುವಾಗ ಚಿತ್ರ ತಡವರಿಸ್ತಾ ಇದೆ. ಗ್ರಾಫಿಕ್ಸ್ ಕಾರ್ಡ್ ಹಾಕಿ ಎರಡು ವರ್ಷ ಆಯ್ತು, ಮುದಿಯಾಗಿದೆ. ಕಿತ್ತು ದೊಡ್ಡದು ಹಾಕಿ. ಪರೀಕ್ಷೆ ಗಿರೀಕ್ಷೆ ಬೇಡ, ಅದೆಲ್ಲ ನಾನು ಮಾಡಿದ್ದೀನಿ. ವಿವರಿಸಿದ್ರೆ ನಿಮ್ಮ ತಲೆಗೆ ಹೋಗಲ್ಲ.”

ದೊಡ್ಡ ಕಾರ್ಡ್ ಆರು ತಿಂಗಳಿಂದ ಗಾಜಿನ ಕಪಾಟಿನಲ್ಲಿ ಇಂಥ ಗಿರಾಕಿಗಾಗಿಯೇ ಕಣ್ಣರಳಿಸಿ ಕೂತಿತ್ತು. ಅಂಗಡಿಯಾಕೆ ಅದರ ಕಡೆ ಒಮ್ಮೆ ನೋಡಿದಳು.

“ರೀ, ಸೋಮವಾರ ನನ್ನ ಕೋರ್ಸಿಗೆ ಫೀಸು ಕಟ್ಟೋಕೆ ಕೊನೇ ದಿನ,” ಹೆಂಡತಿ ಮೆಲ್ಲಗೆ ಎಂದಳು. “ಆ ದುಡ್ಡು ಇದಕ್ಕೆ ಹಾಕಿ ಈಗ ಬಿಟ್ರೆ ಮತ್ತೆ ಮೊದಲ್ನೇ ವರ್ಷದಿಂದ ಓದಬೇಕು.”

“ಲ್ಯಾಬ್ ಟೆಕ್ನೀಷಿಯನ್ ಆಗ್ತಾಳಂತೆ,” ಮೇಷ್ಟ್ರು ಅಂಗಡಿಯಾಕೆಯ ಕಡೆ ತಿರುಗಿ ನಕ್ಕರು. “ಮನೇಲಿ ಒಂದು ಪ್ಲಗ್ ಹಾಕೋಕೆ ಮೂರು ಸಲ ಯೋಚಿಸ್ತಾಳೆ. ಮುಂದಿನ ವರ್ಷ ನೋಡೋಣ ಬಿಡೇ, ಕಾಲೇಜೇನು ಎದ್ದು ಓಡಿಹೋಗುತ್ತಾ?”

ಅಂಗಡಿಯಾಕೆ ಪೆಟ್ಟಿಗೆ ಬಿಚ್ಚತೊಡಗಿದಳು. ಮೇಷ್ಟ್ರು ಬೆರಳೆತ್ತಿ ವಿದ್ಯುತ್ತಿನ ಪಾಠ ಶುರುಮಾಡಿದರು. ಸ್ಕ್ರೂಗಳು ಮೇಜಿನ ಅಂಚಿಗೆ ಉರುಳಿದವು. ಹೆಂಡತಿ ಅಂಗೈ ಒಡ್ಡಿ ಒಂದೊಂದನ್ನೂ ಹಿಡಿದಳು. ಯಾರೂ ಹೇಳದಿದ್ದರೂ ಸಣ್ಣವನ್ನು ಒಂದು ಕಡೆ, ದೊಡ್ಡವನ್ನು ಇನ್ನೊಂದು ಕಡೆ ಸಾಲಾಗಿ ಜೋಡಿಸಿಕೊಂಡಳು. ಅಂಗಡಿಯಾಕೆ ಅದನ್ನು ನೋಡಿದಳು. ಆಮೇಲೆ ಪೆಟ್ಟಿಗೆಯನ್ನು ಹಿಂದುಮುಂದು ತಿರುಗಿಸಿ ಬಗ್ಗಿ ನೋಡಿದಳು. ಮುದಿ ಕಾರ್ಡಿನಲ್ಲಿ ಮಾನಿಟರ್ ತಂತಿ ಸಿಕ್ಕಿಸುವ ಮೂರೂ ಪೋರ್ಟುಗಳ ಬಾಯಿಗೆ, ಕಂಪನಿಯಿಂದ ಬಂದಾಗ ಇರುವ ಕಪ್ಪು ಪ್ಲಾಸ್ಟಿಕ್ ಮುಚ್ಚಳಗಳು ಹಾಗೇ ಕೂತಿದ್ದವು.

“ಮಾನಿಟರ್ ತಂತಿ ಎಲ್ಲಿಗೆ ಸಿಕ್ಕಿಸ್ತೀರಿ ಸರ್?”

“ಮೇಲ್ಗಡೆ. ಅಲ್ಲೊಂದು ಖಾಲಿ ಇದೆಯಲ್ಲ.”

“ಮತ್ತೆ ಈ ಮುಚ್ಚಳ?”

“ಧೂಳು ಹೋಗಬಾರದು ಅಂತ ಹಾಕಿರ್ತಾರಮ್ಮ. ತಿಳೀದೋರು ಕಿತ್ತು ಬಿಸಾಡ್ತಾರೆ. ನಾನು ಎರಡು ವರ್ಷ ಜೋಪಾನ ಮಾಡಿದ್ದೀನಿ.”

“ತೆಗೀಬೇಕೇನೋ ಅಂತ ನಾನು ಅವತ್ತೇ ಕೇಳಿದ್ದೆ,” ಎಂದಳು ಹೆಂಡತಿ, ಅಂಗೈಯಿಂದ ಕಣ್ಣೆತ್ತದೆ.

“ನೀನು ಸುಮ್ನಿರು.”

ಅಂಗಡಿಯಾಕೆ ಉಗುರಿನಿಂದ ಒಂದು ಮುಚ್ಚಳ ಎಬ್ಬಿಸಿ, ತನ್ನ ಮಾನಿಟರಿನ ತಂತಿಯನ್ನು ಅಲ್ಲಿಗೆ ಸಿಕ್ಕಿಸಿ ಗೇಮ್ ಹಚ್ಚಿದಳು. ತೆರೆಯ ಮೇಲೆ ಮೇಷ್ಟ್ರ ಕೆಂಪು ಕಾರು ಎಲ್ಲೂ ತಡವರಿಸದೆ ಬೆಟ್ಟದ ತಿರುವುಗಳನ್ನು ನೀರು ಹರಿದಂತೆ ದಾಟಿತು.

“ಕಾರ್ಡ್ ಮುದಿಯಾಗಿಲ್ಲ ಸರ್. ಎರಡು ವರ್ಷದಿಂದ ಅದಕ್ಕೆ ನೀವು ಕೆಲಸಾನೇ ಕೊಟ್ಟಿಲ್ಲ. ಆಡಿದ್ದೆಲ್ಲ ಕಂಪ್ಯೂಟರ್ ಜೊತೆಗೇ ಬಂದಿದ್ದ ಸಣ್ಣ ಗ್ರಾಫಿಕ್ಸ್ ಚಿಪ್‌ನಲ್ಲಿ.”

ಮೇಷ್ಟ್ರು ಎರಡು ಸಲ ಕೆಮ್ಮಿದರು. “ನನಗೆ ಗೊತ್ತಿತ್ತು. ನಿಮಗೆ ಗೊತ್ತಾಗುತ್ತಾ ಅಂತ ನೋಡಿದೆ.”

“ಒಳ್ಳೇದಾಯ್ತು,” ಎಂದಳು ಅಂಗಡಿಯಾಕೆ. “ಹಾಗಾದ್ರೆ ಹೊಸದು ಬೇಡ. ಮುಚ್ಚಳ ತೆಗೆದದ್ದಕ್ಕೆ ಏನೂ ಕೊಡಬೇಡಿ.”

“ಸೋಮವಾರ ನಾನೇ ಹೋಗಿ ಕಟ್ಟಿ ಬರ್ತೀನಿ,” ಹೆಂಡತಿ ಸ್ಕ್ರೂಗಳನ್ನು ಒಂದೊಂದಾಗಿ ಅಂಗಡಿಯಾಕೆಗೆ ಎತ್ತಿಕೊಡುತ್ತ ಹೇಳಿದಳು. ಈ ಸಲ ಕೇಳಿದ್ದಲ್ಲ, ಹೇಳಿದ್ದು.

“ಕಟ್ಕೋ, ಯಾರು ಬೇಡ ಅಂದ್ರು ಈಗ?” ಮೇಷ್ಟ್ರು ಪೆಟ್ಟಿಗೆ ಎತ್ತಿಕೊಂಡು, ಬಂದಷ್ಟೇ ಠೀವಿಯಿಂದ ಹೊರಟುಹೋದರು. ಹೊರಗೆ ಕಾರಿನ ಹಾರ್ನ್ ಒಂದು ಸಲ, ಮತ್ತೊಂದು ಸಲ ಕೂಗಿತು.

ಹೆಂಡತಿ ಅವಸರ ಮಾಡಲಿಲ್ಲ. ಚೀಲದಿಂದ ಊಟದ ಡಬ್ಬಿ ತೆಗೆದು, ಬೆಸುಗೆಯ ತಂತಿಗಳನ್ನು ಪಕ್ಕಕ್ಕೆ ಸರಿಸಿ, ಅಂಗಡಿಯಾಕೆಯ ಮುಂದಿಟ್ಟು ಹೊರನಡೆದಳು. ಡಬ್ಬಿ ಇನ್ನೂ ಬಿಸಿಯಾಗಿತ್ತು. ಸ್ಟೀಲ್ ಮುಚ್ಚಳದ ಮೇಲೆ ಮೇಷ್ಟ್ರ ಹೆಸರನ್ನು, ಅದರ ಬಾಲಕ್ಕೆ ಮೂರೂ ಡಿಗ್ರಿಗಳನ್ನು ಕೊರೆಸಿದ್ದರು.