ಬೇರೆ ಹೆಸರು

"ಪ್ರಬಂಧದಲ್ಲಿ ನಿಮ್ಮ ಹೆಸರು ಬರಲ್ಲ ನೀಲಕ್ಕ, ಬೇರೆ ಹೆಸರು ಹಾಕ್ತೀನಿ," ಎಂದಳು ಮೇಘನ. ನಕ್ಸಲರ ಕಾಲದಲ್ಲಿ ಕೊಪ್ಪದ ಸುತ್ತಲಿನ ಜನ ಹೇಗೆ ಬದುಕಿದರೆಂದು ಸಂಶೋಧನೆ ಮಾಡುತ್ತಿದ್ದ ಅವಳು ಜಯಪುರದ ನೀಲಾಂಬಿಕೆಯ ಟೈಲರ್ ಅಂಗಡಿಗೆ ಬಂದಿದ್ದಳು.

ನೀಲಾಂಬಿಕೆ ಹೊಲಿಗೆ ಮಿಷನ್ನಿನ ಚಕ್ರವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದರು. "ಆ ಹೆಸರು ನಾನೇ ಹೇಳ್ಲಾ? ಪ್ರಮೀಳ ಅಂತ ಹಾಕು."

"ಯಾರಕ್ಕ ಅದು?"

"ನನ್ನಕ್ಕ. ಹತ್ತೊಂಬತ್ತು ವರ್ಷಕ್ಕೇ ಅವರ ಜೊತೆ ಕಾಡಿಗೆ ಹೋದ್ಲು. ಅಲ್ಲೇ ಗುಂಡು ತಾಗಿ ಸತ್ಲು. ಆಮೇಲೆ ಮನೇಲಿ ಯಾರೂ ಅವಳ ಹೆಸರೆತ್ಲಿಲ್ಲ ಮಾರಾಯ್ತಿ. ಹೆದರಿ ನಾನೂ ಎತ್ಲಿಲ್ಲ."

ಮೇಘನ ಹೆಸರು ಬರೆದುಕೊಂಡಳು. ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, ಮೆಲ್ಲಗೆ ಕೇಳಿದಳು: "ಪ್ರಮೀಳಕ್ಕಾ, ಶುರು ಮಾಡೋಣ್ವಾ?"

ನೀಲಾಂಬಿಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇನ್ನೊಂದ್ಸಲ ಕರಿ," ಎಂದರು.